ನಿಂತುಹೋದ ಸೀರೀಸ್ ಬೇರೆ ಓಟಿಟಿಗೆ: ದುಡ್ಡು ಯಾವಾಗ ಕಟ್ಟೋದು?

ಮಂಡ್ಯ_ಗುತ್ತಲು: ಚಾನೆಲ್‌ನವರು ಕೈಬಿಟ್ಟ ಸೀರೀಸ್ ಇನ್ನೊಂದು ಕಡೆ ಮುಂದುವರಿಯುತ್ತೆ ಅಂದ ಕೂಡ್ಲೇ ಇಲ್ಲಿ ಎಲ್ಲರಿಗೂ ಹಬ್ಬ. ಹೊಸ ಆ್ಯಪ್‌ಗೆ ವರ್ಷದ ದುಡ್ಡು ಕಟ್ಟೋ ಮುಂಚೆ ಏನು ನೋಡ್ಕೋಬೇಕು? ಫೋನಲ್ಲಿ ದಿನಕ್ಕೆ 1.5 ಜಿಬಿ ಇದೆ, ಸಾಕಾ?

ಸರಸ್ವತಿಪುರಂ_ಸೋಫಾ: ಮೊದಲು ಹಕ್ಕು ಯಾರದ್ದು ನೋಡಿ ಸಾರ್. ‘ದಿ ಎಕ್ಸ್‌ಪ್ಯಾನ್ಸ್’ ಅನ್ನೋ ಅಮೆರಿಕದ ಸೀರೀಸ್ ತಗೊಳ್ಳಿ. 3 ಸೀಸನ್ ಆದ್ಮೇಲೆ 2018ರ ಮೇನಲ್ಲಿ ಸೈಫೈ ಚಾನೆಲ್ ಬಿಡ್ತು. ಅವರ ಹತ್ರ ಇದ್ದದ್ದು ಅಮೆರಿಕದ ಟಿವಿಯಲ್ಲಿ ಮೊದಲು ತೋರಿಸೋ ಹಕ್ಕು ಮಾತ್ರ. ಆನ್‌ಲೈನಲ್ಲಿ ಆಮೇಲೆ ಎಷ್ಟು ಜನ ನೋಡಿದ್ರೂ ಅವರಿಗೆ ಕಾಸು ಹುಟ್ಟಲ್ಲ. ಅಭಿಮಾನಿಗಳು ಚಂದಾ ಎತ್ತಿ, ಅಮೆಜಾನ್ ಸ್ಟುಡಿಯೋ ಮೇಲೆ ಬ್ಯಾನರ್ ಕಟ್ಟಿದ ವಿಮಾನ ಹಾರಿಸಿದ್ರು. ಅದೇ ತಿಂಗಳು ಅಮೆಜಾನ್ ತಗೊಂತು. ಆದ್ರೂ 4ನೇ ಸೀಸನ್ ಬಂದದ್ದು 2019ರ ಡಿಸೆಂಬರ್ 13ಕ್ಕೆ! ಸುದ್ದಿ ಬಂದ ದಿನವೇ ವರ್ಷದ ಪ್ಲಾನ್ ಹಾಕ್ಸಿದ್ರೆ ಹೊಳೇಲಿ ಹುಣಸೆಹಣ್ಣು ತೊಳೆದಂಗೆ. ಎಲ್ಲಾ ಕಂತು ಬಂದ್ಮೇಲೆ ಒಂದು ತಿಂಗಳಿಗೆ ಕಟ್ಟಿ.

ಕುವೆಂಪುನಗರ_ರಿಮೋಟ್: ಕಂತಿನ ಎಣಿಕೆನೂ ಬದಲಾಗುತ್ತೆ. ‘ಮನಿ ಹೈಸ್ಟ್’ ಸ್ಪೇನ್ ಟಿವಿಯಲ್ಲಿ 15 ಕಂತು; ನೆಟ್‌ಫ್ಲಿಕ್ಸ್‌ನವರು ಅದನ್ನೇ ಕತ್ತರಿಸಿ 22 ಮಾಡಿದ್ರು. ಹಳೇ ಲೆಕ್ಕದಲ್ಲಿ ‘10ನೇ ಕಂತು’ ಅಂತ ಯಾರಾದ್ರೂ ಬರೆದ್ರೆ ಓದಬೇಡಿ; ಹೊಸ ಲೆಕ್ಕದ 10ಕ್ಕಿಂತ ಕಥೆ ಮುಂದೆ ಹೋಗಿರುತ್ತೆ, ಸ್ಪಾಯ್ಲರ್ ಗ್ಯಾರಂಟಿ.

ಮಂಡ್ಯ_ಗುತ್ತಲು: ಹಳೇ ಸೀಸನ್‌ಗಳೂ ಅಲ್ಲೇ ಸಿಗ್ತವಲ್ಲ?

ಸರಸ್ವತಿಪುರಂ_ಸೋಫಾ: ಹಂಗೇನಿಲ್ಲ. ಹಕ್ಕು ಒಂದೊಂದು ದೇಶಕ್ಕೂ ಬೇರೆ ಬೇರೆ ಮಾರ್ತಾರೆ. ಲಾಗಿನ್ ಆಗೋ ಮುಂಚೆ ಸೀಸನ್ ಪಟ್ಟಿ ತೆಗೆದು 1ನೇ ಸೀಸನ್ ಇದೆಯಾ ನೋಡಿ. ಡೇಟಾ ವಿಷಯ: ಎಚ್‌ಡಿ ಗಂಟೆಗೆ 3 ಜಿಬಿ ತನಕ ನುಂಗುತ್ತೆ, ನಿಮ್ಮ 1.5 ಅರ್ಧ ಗಂಟೆಗೆ ಖಲಾಸ್. ವೈಫೈ ಇರೋ ಕಡೆ ಡೌನ್‌ಲೋಡ್ ಹಾಕಿ.