ಅಪ್‌ಡೇಟ್: ಕೇಸಿಂಗ್ ಸುತ್ತ ಅರ್ಧಕ್ಕೇ ನಿಂತಿದ್ದ ಸಿಮೆಂಟ್
ಕೀನ್ಯಾದ ರಿಫ್ಟ್ ಕಣಿವೆಯ ನಮ್ಮ ಭೂಶಾಖ ಬಾವಿಯಲ್ಲಿ ಬಿರುಕುಬಿಟ್ಟ ಜ್ವಾಲಾಮುಖಿ ಶಿಲೆಯೊಳಕ್ಕೆ ಸಿಮೆಂಟ್ ಸೋರಿಹೋಗಿ ಕೇಸಿಂಗ್‌ನ (ಬಾವಿಯೊಳಗೆ ಇಳಿಸುವ ಉಕ್ಕಿನ ಕೊಳವೆ) ಹೊರಸುತ್ತು ಮೇಲಿನವರೆಗೆ ತುಂಬಲಿಲ್ಲ, ಕೊಳವೆಗೆ ರಂಧ್ರ ಕೊರೆದು ಒತ್ತಡದಿಂದ ಸಿಮೆಂಟ್ ತುರುಕಬಹುದೇ ಎಂದು ನಾನು ಕೇಳಿದ್ದೆ. ಬೇಡವೆಂದು ಎಚ್ಚರಿಸಿದ ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಸಿಮೆಂಟ್ ಹಿಡಿದಿಟ್ಟ ಉಕ್ಕು ಒಂದೊಂದು ಡಿಗ್ರಿ ಬಿಸಿಯೇರಿದಾಗಲೂ ಸುಮಾರು 2.4 ಮೆಗಾಪ್ಯಾಸ್ಕಲ್ ಒತ್ತಡ ಹೊರಬೇಕಾಗುತ್ತದೆ. ಅಂಥದ್ದಕ್ಕೆ ತೂತು ಕೊರೆಯುವುದು ತಪ್ಪೇ ಆಗುತ್ತಿತ್ತು.

ಬದಲಿಗೆ ಒಂದರೊಳಗೊಂದು ಇರುವ ಎರಡು ಕೇಸಿಂಗ್‌ಗಳ ನಡುವಿನ ಸಂದಿಗೆ ಸಣ್ಣ ಪೈಪನ್ನು ಇಳಿಸಿ, ಸಿಮೆಂಟ್ ತೂಕದ ಶೇ. 40ರಷ್ಟು ಸಿಲಿಕಾ ಹಿಟ್ಟು ಬೆರೆಸಿದ ಸ್ಲರಿಯನ್ನು (ಹರಿಯುವ ಸಿಮೆಂಟ್ ಕಲಸು), ಪೈಪನ್ನು ನಿಧಾನವಾಗಿ ಎತ್ತುತ್ತ, ತಳದಿಂದ ಮೇಲಕ್ಕೆ ತುಂಬಿದೆವು. ಮೇಲಿನಿಂದ ಸುರಿದು ನಡುವೆ ನೀರು ಸಿಕ್ಕಿಕೊಂಡರೆ, ಬಿಸಿಯಾದಾಗ ಹಿಗ್ಗಲು ಜಾಗವಿಲ್ಲದೆ ಅದು ಒಳಗಿನ ಕೇಸಿಂಗನ್ನೇ ನಜ್ಜುಗುಜ್ಜಾಗಿಸಬಲ್ಲದು ಎಂಬುದೇ ನಮ್ಮ ದೊಡ್ಡ ಭಯವಾಗಿತ್ತು. ಸಂದಿಯ ಬಾಯಿಂದ ಮೊದಲು ತಿಳಿನೀರು, ಆಮೇಲೆ ಬೂದುಬಣ್ಣದ ತೆಳು ದ್ರವ, ಕೊನೆಗೆ ಕೆಳಗೆ ಕಳಿಸಿದಷ್ಟೇ ದಪ್ಪನೆಯ ಸ್ಲರಿ ಉಕ್ಕಿದಾಗ ಜೀವಕ್ಕೆ ಸಮಾಧಾನವಾಯಿತು. ಮಟ್ಟ ಎರಡು ಬಾರಿ ಇಳಿಯಿತು, ಎರಡು ಬಾರಿಯೂ ಮತ್ತೆ ತುಂಬಿದೆವು.

ಸಿಮೆಂಟ್ ಗಟ್ಟಿಯಾದ ನಂತರದ ಲಾಗ್‌ನಲ್ಲಿ (ಬಾವಿಯೊಳಗೆ ಉಪಕರಣ ಇಳಿಸಿ ಮಾಡುವ ಅಳತೆ) ಒಂದು ಕಡೆ ಮಾತ್ರ ಸಿಮೆಂಟಿನ ಅಂಟು ದುರ್ಬಲವಾಗಿ ಕಂಡಿದೆ. ಆದ್ದರಿಂದ ಬಾವಿಯನ್ನು ಅವಸರವಿಲ್ಲದೆ ಬಿಸಿಯೇರಲು ಬಿಟ್ಟು, ಬಾವಿಯ ತಲೆ (ನೆಲಮಟ್ಟದಲ್ಲಿರುವ ಮೇಲ್ತುದಿ) ಎಷ್ಟು ಮೇಲೇಳುತ್ತದೆಂದು ಪ್ರತಿದಿನ ಬೆಳಿಗ್ಗೆ ಅಳೆಯುತ್ತಿದ್ದೇವೆ.