ಪಿಯುಸಿ ಆದ ಮೇಲೆ ಬಿಬಿಎ: ಓದಿದವರು ಹೇಳಿ

ಶಿವಮೊಗ್ಗದಿಂದ ಪ್ರಶ್ನೆ: ನನ್ನ ತಮ್ಮ ಪಿಯುಸಿ ಕಾಮರ್ಸ್ ಪಾಸಾಗಿದ್ದಾನೆ. ಬೆಂಗಳೂರಿನ ಖಾಸಗಿ ಕಾಲೇಜಿನಲ್ಲೇ ಬಿಬಿಎ (ವ್ಯವಹಾರ ನಿರ್ವಹಣೆಯ ಡಿಗ್ರಿ) ಓದಬೇಕು ಅಂತ ಹಠ. ಫೀಸು, ಹಾಸ್ಟೆಲ್ ಎಲ್ಲ ಸೇರಿದರೆ ಸಾಲ ಮಾಡಲೇಬೇಕು. ಹತ್ತಿರದ ಸರ್ಕಾರಿ ಕಾಲೇಜಿನಲ್ಲಿ ಬಿ.ಕಾಂ, ಬಿಬಿಎ ಎರಡೂ ಇವೆ. ಬಿಬಿಎ ಓದಿದವರಿದ್ದರೆ, ಅದರಿಂದ ಏನು ಉಪಯೋಗ ಆಯಿತು ಅಂತ ದಯವಿಟ್ಟು ತಿಳಿಸಿ.

ದಾವಣಗೆರೆಯಿಂದ: ಅಕ್ಕ, ನಾನು ಓದುವಾಗ ಇದಕ್ಕೆ ಬಿಬಿಎಂ ಅನ್ನುತ್ತಿದ್ದರು. ನಮ್ಮದು ಹಾರ್ಡ್‌ವೇರ್ ಅಂಗಡಿ. ವ್ಯಾಪಾರ ಜೋರಾಗಿತ್ತು, ಆದರೂ ಅಪ್ಪನ ಕೈಯಲ್ಲಿ ದುಡ್ಡು ನಿಲ್ಲುತ್ತಿರಲಿಲ್ಲ. ವರ್ಕಿಂಗ್ ಕ್ಯಾಪಿಟಲ್, ಅಂದರೆ ದಿನನಿತ್ಯದ ವ್ಯಾಪಾರ ನಡೆಸಲು ಬೇಕಾದ ದುಡ್ಡಿನ ಪಾಠ ಕೇಳುವಾಗ ಕಾರಣ ಹೊಳೆಯಿತು. ಮಾಲು ಕೊಟ್ಟವರಿಗೆ ನಾವು 30 ದಿನದೊಳಗೆ ಹಣ ಕಟ್ಟಬೇಕು. ಉದ್ರಿ ಒಯ್ದ ಮೇಸ್ತ್ರಿಗಳು, ಕಾಂಟ್ರಾಕ್ಟರುಗಳು ಕೊಡುವುದು ಮೂರು ತಿಂಗಳಿಗೆ. ನಡುವಿನ ಎರಡು ತಿಂಗಳಿಗೆ ಅಪ್ಪ ಬಡ್ಡಿಗೆ ತರುತ್ತಿದ್ದರು, ಲಾಭವೆಲ್ಲ ಆ ಬಡ್ಡಿಗೇ ಹೋಗುತ್ತಿತ್ತು. ಉದ್ರಿ ಪುಸ್ತಕ ಹಿಡಿದು ಕೂತು, ಯಾರ ಬಾಕಿ ಎಷ್ಟು ದಿನ ಹಳೆಯದು ಅಂತ ಪಟ್ಟಿ ಮಾಡಿದೆ. 60 ದಿನ ದಾಟಿದವರಿಗೆ ಹೊಸ ಉದ್ರಿ ನಿಲ್ಲಿಸಿದೆವು. ನಗದು ಕೊಟ್ಟವರಿಗೆ ಸ್ವಲ್ಪ ರೇಟು ಬಿಟ್ಟೆವು. ಕೆಲವು ಗಿರಾಕಿಗಳು ಮುನಿಸಿಕೊಂಡು ಬೇರೆ ಅಂಗಡಿ ಹಿಡಿದರು. ಆದರೆ ಬಡ್ಡಿ ಸಾಲ ತೀರಿತು. ಮನೆಯಲ್ಲಿ ವ್ಯಾಪಾರ ಇದ್ದರೆ ಬಿಬಿಎ ಖಂಡಿತ ದಂಡ ಅಲ್ಲ. ಅಂದ ಹಾಗೆ, ನಾನು ಓದಿದ್ದು ಊರಿನ ಕಾಲೇಜಿನಲ್ಲೇ.

ಬೆಂಗಳೂರಿನಿಂದ: ನಾನು ಬಿಬಿಎ, ಆಮೇಲೆ ಎಂಬಿಎ. ಎಂಬಿಎಗೆ ಬಿಬಿಎ ಬೇಕೇ ಬೇಕು ಅಂತ ತಮ್ಮ ಹೇಳುತ್ತಿದ್ದರೆ ಅದು ಸರಿಯಲ್ಲ. ಎಂಬಿಎ ಪ್ರವೇಶ ಪರೀಕ್ಷೆಗಳಾದ ಪಿಜಿಸಿಇಟಿ, ಕ್ಯಾಟ್ ಎರಡಕ್ಕೂ ಯಾವ ಡಿಗ್ರಿ ಆದರೂ ನಡೆಯುತ್ತದೆ, ಸಾಮಾನ್ಯ ವರ್ಗದವರಿಗೆ ಶೇ. 50 ಅಂಕ ಇರಬೇಕು. ನನ್ನ ಕ್ಲಾಸಿನಲ್ಲಿ ಇಂಜಿನಿಯರಿಂಗ್‌ನವರು, ಬಿಎಸ್ಸಿಯವರು ಎಲ್ಲ ಇದ್ದರು. ಅವರಿಗೋಸ್ಕರ ಡೆಬಿಟ್, ಕ್ರೆಡಿಟ್‌ನಿಂದಲೇ ಪಾಠ ಶುರು. ನನಗೆ ಮೊದಲ ಸೆಮಿಸ್ಟರ್ ಸುಲಭವಾಯಿತು, ಅದಕ್ಕಿಂತ ಜಾಸ್ತಿ ಲಾಭ ಕಾಣಲಿಲ್ಲ. ಎಂಬಿಎ ಮಾಡಿಯೇ ಮಾಡುತ್ತಾನೆ ಅಂತಾದರೆ, ಈಗಲೇ ಸಾಲ ಯಾಕೆ? ಆಗ ಬೇಕಾಗುತ್ತದೆ ಅಲ್ವಾ.

ಹುಬ್ಬಳ್ಳಿಯಿಂದ: ನಮ್ಮ ಆಡಿಟರ್ ಆಫೀಸಿಗೆ ಕೆಲಸ ಕೇಳಿಕೊಂಡು ಬಂದವರನ್ನು ಮೊದಲು ನೋಡುವುದು ನಾನೇ. ನಾಲ್ಕು ಬಿಲ್ಲು, ಒಂದು ಬ್ಯಾಂಕ್ ಸ್ಟೇಟ್‌ಮೆಂಟ್ ಕೊಟ್ಟು, ಟ್ಯಾಲಿಗೆ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಏರಿಸಿ ತಾಳೆ ನೋಡಿ ಅನ್ನುತ್ತೇನೆ. ಬಿಬಿಎಯವರು ಚೆನ್ನಾಗಿ ಮಾತಾಡುತ್ತಾರೆ, ಪಾರ್ಟಿಗಳಿಗೆ ಫೋನ್ ಮಾಡಲು ಹಿಂಜರಿಯುವುದಿಲ್ಲ. ಆದರೆ ಈ ಲೆಕ್ಕದಲ್ಲಿ ತಡವರಿಸುತ್ತಾರೆ. ಬಿ.ಕಾಂನಷ್ಟು ಅಕೌಂಟ್ಸ್, ಟ್ಯಾಕ್ಸ್ ಅವರು ಓದಿರುವುದಿಲ್ಲ. ಬಿಬಿಎ ಸೇರಿದರೆ ಫೈನಾನ್ಸ್ ವಿಷಯ ತಗೊಳ್ಳಲಿ. ರಜೆಯಲ್ಲಿ ಸುಮ್ನೆ ಕೂರದೆ ಒಬ್ಬ ಆಡಿಟರ್ ಹತ್ತಿರ ಹೋಗಲಿ. ತಿಂಗಳಿಗೊಮ್ಮೆ ಜಿಎಸ್‌ಟಿ ಕಟ್ಟುವವರ ಮಾರಾಟದ ಲೆಕ್ಕ (ಜಿಎಸ್‌ಟಿಆರ್-1) 11ಕ್ಕೆ, ತೆರಿಗೆ ಕಟ್ಟುವ ರಿಟರ್ನ್ (3ಬಿ) 20ಕ್ಕೆ ಸಲ್ಲಿಸಬೇಕು. ಆ ಗಡಿಬಿಡಿಯಲ್ಲಿ ಕೆಲಸ ಬೇಗ ಕೈಗೆ ಹತ್ತುತ್ತದೆ. ಸಿಎ ಮಾಡುವ ಆಸೆ ಇದ್ದರೆ ಮಾತ್ರ ಬಿ.ಕಾಂ ಸೇರಿಸಿ.

ಮೈಸೂರಿನಿಂದ: ಬ್ಯಾಂಕ್ ಪಿಒ, ಕೆಎಎಸ್ ಪರೀಕ್ಷೆಗೆ ಯಾವ ಡಿಗ್ರಿ ಆದರೂ ಸಾಕು, ಆ ಚಿಂತೆ ಬೇಡ. ಬೆಂಗಳೂರಿಗೇ ಕಳಿಸುವುದಾದರೆ ಎರಡು ವಿಷಯ ವಿಚಾರಿಸಿ. 2024-25ರಿಂದ ಎಐಸಿಟಿಇ (ತಾಂತ್ರಿಕ, ಮ್ಯಾನೇಜ್‌ಮೆಂಟ್ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಮಂಡಳಿ) ಬಿಬಿಎಯನ್ನೂ ತನ್ನ ವ್ಯಾಪ್ತಿಗೆ ತಂದಿದೆ, ಅನುಮೋದನೆ ಪತ್ರ ತೋರಿಸಿ ಅನ್ನಿ. ಪ್ಲೇಸ್‌ಮೆಂಟ್ ಬಗ್ಗೆ ಕೇಳುವಾಗ, ಹೋದ ವರ್ಷದ ಬಿಬಿಎ ಮಕ್ಕಳಿಗೆ ಯಾವ ಕೆಲಸ, ಎಷ್ಟು ಸಂಬಳ ಸಿಕ್ಕಿತು ಅಂತ ಬಿಡಿಸಿ ಕೇಳಿ. ಎಂಬಿಎಯವರ ಲೆಕ್ಕ ಅದರಲ್ಲಿ ಸೇರಿರಬಾರದು. ಆಗಲೇ ಪಾಸಾಗಿ ಹೋದ ಒಬ್ಬಿಬ್ಬರ ಜೊತೆ ತಮ್ಮನೇ ಮಾತಾಡಿದರೆ ಇನ್ನೂ ಒಳ್ಳೆಯದು.