ಪೇಪರ್ ತುಂಬಾ ಹಾರುವ ತಟ್ಟೆ: ಆ ಹುಚ್ಚು ಶುರುವಾಗಿದ್ದು ಹೇಗೆ?

ಹಳೇ ಪುರವಣಿ (ಪ್ರಶ್ನೆ)
ನಾವು ಚಿಕ್ಕವರಿದ್ದಾಗ ಪೇಪರ್ ಪುರವಣಿಗಳಲ್ಲಿ ಹಾರುವ ತಟ್ಟೆ ಬಗ್ಗೆ ಆಗಾಗ ಒಂದು ಬಾಕ್ಸ್ ಐಟಂ ಬರುತ್ತಿತ್ತು, ಪಕ್ಕದಲ್ಲಿ ಒಂದು ಮಸುಕು ಫೋಟೋ. ಹೆಚ್ಚಿನವು ಅಮೆರಿಕದ್ದೇ. ಅಲ್ಲಿ 1947ರಲ್ಲಿ ಸಣ್ಣಪುಟ್ಟ ಊರುಗಳ ಪೇಪರ್‌ಗಳಲ್ಲೂ ದಿನಾ ಇದೇ ಸುದ್ದಿಯಂತೆ. ಜನ ನಿಜವಾಗಿ ಏನೋ ನೋಡಿದರಾ, ಇಲ್ಲ ಪೇಪರ್‌ನವರು ಪುಟ ತುಂಬಿಸೋಕೆ ಬರೆದರಾ? ಗೊತ್ತಿರುವವರು ಬಿಡಿಸಿ ಹೇಳಿ. ಏಲಿಯನ್ ಇದೆಯೋ ಇಲ್ಲವೋ ಅನ್ನೋ ಜಗಳ ಬೇಡ, ಅದು ಮುಗಿಯೋದಲ್ಲ.

ಮೂರನೇ ಪುಟ
ಎರಡೂ ಸೇರಿ ಆಗಿದ್ದು. 1947ರ ಜೂನ್ 24ರಂದು ಕೆನೆತ್ ಆರ್ನಲ್ಡ್ ಅನ್ನುವವನು ತನ್ನ ಸಣ್ಣ ವಿಮಾನದಲ್ಲಿ ವಾಷಿಂಗ್ಟನ್ ರಾಜ್ಯದ ಮೌಂಟ್ ರೇನಿಯರ್ ಹತ್ತಿರ ಹಾರುತ್ತಿದ್ದ. ಬೆಂಕಿ ಆರಿಸುವ ಸಾಮಾನು ಮಾರುವ ವ್ಯಾಪಾರಿ ಅವನು. ಆ ಕಡೆ ಕಾಣೆಯಾಗಿದ್ದ ಮಿಲಿಟರಿ ವಿಮಾನ ಹುಡುಕಿಕೊಟ್ಟರೆ 5,000 ಡಾಲರ್ ಬಹುಮಾನ ಇತ್ತು, ಅದಕ್ಕೇ ಸುತ್ತು ಹಾಕುತ್ತಿದ್ದ. ಆಗ ಒಂಬತ್ತು ಹೊಳೆಯುವ ವಸ್ತುಗಳು ಸಾಲಾಗಿ ಹೋಗಿದ್ದು ಕಂಡಿತು. ಗಡಿಯಾರ ನೋಡಿದ. ರೇನಿಯರ್‌ನಿಂದ ಮೌಂಟ್ ಆಡಮ್ಸ್‌ಗೆ 1 ನಿಮಿಷ 42 ಸೆಕೆಂಡ್! ಮಾರನೇ ದಿನ ಆರೆಗಾನ್‌ನ ಪೆಂಡಲ್ಟನ್‌ನಲ್ಲಿ 'ಈಸ್ಟ್ ಆರೆಗೋನಿಯನ್' ಅನ್ನೋ ಲೋಕಲ್ ಪೇಪರ್ ಆಫೀಸಿಗೆ ಹೋಗಿ ಹೇಳಿದ. ಅವರು ಸಣ್ಣದಾಗಿ ಹಾಕಿ, ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್‌ಗೂ ಕಳಿಸಿದರು.

ಅಷ್ಟು ಸಾಕಾಯಿತು. ದೇಶದ ಮೂಲೆಮೂಲೆಯ ಪೇಪರ್‌ಗೆ ಅದೇ ಸುದ್ದಿ ಹೋಯಿತು, ಪ್ರತಿಯೊಬ್ಬ ಸಂಪಾದಕನಿಗೂ 'ನಮ್ಮೂರಲ್ಲೂ ಯಾರಾದರೂ ಕಂಡರಾ' ಅನ್ನೋ ಆಸೆ. ಒಬ್ಬ ಹೇಳಿದ್ದು ಅಚ್ಚಾದರೆ ಸಾಕು, ನಾನೂ ನೋಡಿದ್ದೆ, ನಗುತ್ತಾರೆ ಅಂತ ಸುಮ್ನಿದ್ದೆ ಅಂತ ಮತ್ತೆ ನಾಲ್ಕು ಜನ. ವಿಸ್ಕಾನ್ಸಿನ್‌ನ ಗ್ರಾಫ್ಟನ್‌ನಲ್ಲಿ ಪಾದ್ರಿಯೊಬ್ಬರಿಗೆ ಸಿಕ್ಕ 'ತಟ್ಟೆ' ಮರ ಕುಯ್ಯುವ ಗರಗಸದ ಚಕ್ರ, ಅದೂ ಸುದ್ದಿಯಾಯಿತು. ಆಗಸ್ಟ್‌ನಲ್ಲಿ ಗ್ಯಾಲಪ್‌ನವರು ಸಮೀಕ್ಷೆ ಮಾಡಿದರೆ 10ರಲ್ಲಿ 9 ಜನ ಈ ತಟ್ಟೆಗಳ ವಿಷಯ ಕೇಳಿದ್ದೇವೆ ಅಂದರು. ಎರಡು ತಿಂಗಳೊಳಗೆ, ಟಿವಿ ಇಲ್ಲದ ಮನೆಗಳ ಕಾಲದಲ್ಲಿ!

ನ್ಯೂ ಮೆಕ್ಸಿಕೋ ರಾಜ್ಯದ ರಾಸ್ವೆಲ್ ಊರಿನ ಕಥೆ ಕೂಡ ಆ ಬೇಸಿಗೆಯದ್ದೇ. ಜುಲೈ 8ರಂದು ಸೇನೆಯವರೇ ತಟ್ಟೆ ಸಿಕ್ಕಿದೆ ಅಂತ ಹೇಳಿಕೆ ಕೊಟ್ಟು, ಆಮೇಲೆ ಬರೀ ಹವಾಮಾನ ಬಲೂನು ಅಂದುಬಿಟ್ಟರು. ಸೋವಿಯತ್‌ನವರ ಅಣು ಪರೀಕ್ಷೆಯ ಸದ್ದು ಹಿಡಿಯಲು ಬಿಟ್ಟಿದ್ದ ಗುಟ್ಟಿನ ಬಲೂನು ಸಾಲು ಅದು ಅಂತ ವಾಯುಪಡೆ ಬಾಯಿಬಿಟ್ಟಿದ್ದು 1994ರಲ್ಲಿ. ಸಿಕ್ಕಿದ್ದು ರಬ್ಬರ್ ಚೂರು, ಬೆಳ್ಳಿ ಬಣ್ಣದ ಹಾಳೆ, ಕಡ್ಡಿ, ಹೂವಿನ ಚಿತ್ರ ಇದ್ದ ಟೇಪು.

ಬುರುಡೆಪ್ಪ
1947 ಏನು ಮಹಾ, ಅದಕ್ಕೂ 50 ವರ್ಷ ಮೊದಲೇ ಪೇಪರ್‌ನವರು ಇದನ್ನು ಮಾಡಿ ಮುಗಿಸಿದ್ದರು. 1896ರ ನವೆಂಬರ್‌ನಲ್ಲಿ ಸ್ಯಾಕ್ರಮೆಂಟೊದಿಂದ ಶುರು, 1897ರಲ್ಲಿ ಅಮೆರಿಕದ ಮಧ್ಯಭಾಗಕ್ಕೆಲ್ಲ ಹಬ್ಬಿತು. ಆಗ ತಟ್ಟೆ ಅಲ್ಲ, ದೀಪ ಹಚ್ಚಿಕೊಂಡು ಹೋಗುವ ಗಾಳಿಹಡಗು. ರೈಟ್ ಸಹೋದರರು ಇನ್ನೂ ಹಾರಿಯೇ ಇರಲಿಲ್ಲ ನೋಡಿ.

ನನಗೆ ತುಂಬಾ ಇಷ್ಟ ಕನ್ಸಾಸ್‌ನ ರೈತ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಕಥೆ. 1897ರ ಏಪ್ರಿಲ್. ರಾತ್ರಿ ದನ ಗಲಾಟೆ ಮಾಡಿದವಂತೆ, ಎದ್ದು ನೋಡಿದರೆ 300 ಅಡಿ ಉದ್ದದ ಹಡಗು ದನದ ದೊಡ್ಡಿ ಮೇಲೆ ಇಳಿಯುತ್ತಿದೆ, ಒಳಗೆ ಆರು ವಿಚಿತ್ರ ಜೀವಿಗಳು. ಹಡಗಿನವರು ಒಂದು ಕಡಸಿನ ಕೊರಳಿಗೆ ಹಗ್ಗ ಬಿಗಿದರಂತೆ, ಬೇಲಿಗೆ ಸಿಕ್ಕಿದ್ದ ಅದನ್ನು ಹ್ಯಾಮಿಲ್ಟನ್ನೇ ಬಿಡಿಸಿಯೂ ಕೊಟ್ಟನಂತೆ ಪುಣ್ಯಾತ್ಮ, ಹಡಗು ಎತ್ತಿಕೊಂಡು ಹೋಯಿತು. ಮರುದಿನ ಇನ್ನೊಬ್ಬನ ಹೊಲದಲ್ಲಿ ಚರ್ಮ, ಕಾಲು, ತಲೆ ಸಿಕ್ಕಿತು, ಸುತ್ತ ಒಂದು ಹೆಜ್ಜೆ ಗುರುತೂ ಇಲ್ಲ. ಯೇಟ್ಸ್ ಸೆಂಟರ್ ಊರಿನ ಪೇಪರ್ ಇದನ್ನು ಹಾಕಿದ್ದು ಮಾತ್ರ ಅಲ್ಲ, ಈ ಮನುಷ್ಯ ಸುಳ್ಳು ಹೇಳುವವನಲ್ಲ ಅಂತ ಊರಿನ ದೊಡ್ಡ ಮನುಷ್ಯರ ಸಹಿ ಇದ್ದ ಪ್ರಮಾಣಪತ್ರವನ್ನೂ ಹಾಕಿತು. ಅಷ್ಟಾದ ಮೇಲೆ ಯಾರು ನಂಬದೆ ಇರುತ್ತಾರೆ?

ಬಣ್ಣ ಬಯಲಾಗಿದ್ದು 1970ರ ದಶಕದಲ್ಲಿ. ಆ ಊರಲ್ಲಿ ಬುರುಡೆ ಬಿಡುವವರದ್ದೇ ಒಂದು ಕೂಟ ಇತ್ತು, ಹ್ಯಾಮಿಲ್ಟನ್ ಅದರ ಸದಸ್ಯ. ಅಷ್ಟರಲ್ಲಿ ಕಡಸು ಎಷ್ಟೋ ಪುಸ್ತಕಗಳಿಗೆ ಹಾರಿ ಹೋಗಿತ್ತು.

ಬೀದರ್ ಬಿಸಿಲು
ನಮ್ಮ ಕಡೆ ಈಗಲೂ ಇಂಥ ಬಲೂನು ಬೀಳುತ್ತವೆ ರೀ! ಹೈದರಾಬಾದ್‌ನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ಬಲೂನು ಕೇಂದ್ರ ಇದೆ, ಅಲ್ಲಿಂದ ವಿಜ್ಞಾನದ ಉಪಕರಣ ಕಟ್ಟಿ ಪ್ಲಾಸ್ಟಿಕ್ ಬಲೂನು ಬಿಡುತ್ತಾರೆ, 30 ಕಿ.ಮೀ.ಗೂ ಮೇಲೆ ಹೋಗುತ್ತವೆ. ಅಷ್ಟು ಎತ್ತರದಲ್ಲಿ ಬಿಸಿಲು ಬೇಗ ಬೀಳುತ್ತೆ, ಹೀಗಾಗಿ ನಮಗೆ ಇನ್ನೂ ಕತ್ತಲಿದ್ದಾಗ ಅದು ಮಾತ್ರ ಬೆಳ್ಳಗೆ ಹೊಳೆಯುತ್ತಾ ನಿಂತಿರುತ್ತೆ. ಕೆಲಸ ಮುಗಿದ ಮೇಲೆ ಪ್ಯಾರಾಚೂಟ್‌ನಲ್ಲಿ ಪೆಟ್ಟಿಗೆ ಕೆಳಗೆ. 2025ರ ಜನವರಿಯಲ್ಲಿ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಬಿತ್ತಲ್ಲ, ಊರಿಗೆ ಊರೇ ಗಾಬರಿ. ಪೆಟ್ಟಿಗೆ ಬಿಚ್ಚಬೇಡಿ, ಪೊಲೀಸರಿಗೆ ತಿಳಿಸಿ, ಬಹುಮಾನ ಕೊಡುತ್ತೇವೆ ಅಂತ ಸಂಸ್ಥೆಯವರು ಪೇಪರಲ್ಲಿ ಪ್ರಕಟಣೆ ಕೊಡುತ್ತಾರೆ. ಯಾರು ಓದುತ್ತಾರೆ ಹೇಳಿ.

ಸಂಶಯಪಿಶಾಚಿ
ಎಲ್ಲಾ ಬಲೂನು, ಎಲ್ಲಾ ಬುರುಡೆ ಅಂದುಬಿಟ್ಟರೆ ಹೇಗೆ? ಅಮೆರಿಕದ ವಾಯುಪಡೆಯೇ 1969ರವರೆಗೆ 12,618 ವರದಿ ನೋಡಿ, 701ಕ್ಕೆ ಕಾರಣ ಸಿಗಲಿಲ್ಲ ಅಂದಿದೆ. ಪೈಲಟ್‌ಗಳು, ಸೈನಿಕರು ಕೂಡ ಸುಳ್ಳು ಹೇಳುತ್ತಾರಾ?

ಮೂರನೇ ಪುಟ
@ಸಂಶಯಪಿಶಾಚಿ ಸುಳ್ಳು ಅಂತ ಯಾರು ಹೇಳಿದರು? ಆರ್ನಲ್ಡ್ ಸುಳ್ಳ ಅಂತಲೂ ನಾನು ಹೇಳಲಿಲ್ಲ. ಕಂಡಿದ್ದು ನಿಜ, ಏನು ಕಂಡಿತು ಅನ್ನೋದು ಬೇರೆ. ನಮ್ಮ ಲಡಾಖ್ ತಗೊಳ್ಳಿ. 2012ರ ಆಗಸ್ಟ್‌ನಿಂದ 2013ರ ಫೆಬ್ರುವರಿವರೆಗೆ ಚೀನಾ ಗಡಿಯಲ್ಲಿ ನಮ್ಮ ಸೈನಿಕರು 329 ಸಲ ಬೆಳಕು ಕಂಡಿದ್ದನ್ನು ಬರೆದಿಟ್ಟರು, ಡ್ರೋನ್ ಅಂತ ಅನುಮಾನ. ಶಿಸ್ತಿನ ಜನ, ದಿನಾ ಕಣ್ಣಲ್ಲಿ ಕಣ್ಣಿಟ್ಟು ಕಾಯುವವರು. ಕೊನೆಗೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರನ್ನು ಕೇಳಿದರು. ಅವರು ನೋಡಿ ಹೇಳಿದ್ದು: ಒಂದು ಗುರು, ಇನ್ನೊಂದು ಶುಕ್ರ. ಆ ಎತ್ತರದ ತಿಳಿ ಗಾಳಿಯಲ್ಲಿ ಗ್ರಹಗಳು ಜಾಸ್ತಿ ಪ್ರಕಾಶಮಾನವಾಗಿ ಕಾಣುತ್ತವೆ, ಅಲ್ವಾ. ಆದರೆ ಅದಕ್ಕೂ ಮೊದಲೇ, 2012ರ ನವೆಂಬರ್ ಹೊತ್ತಿಗೇ, ಲಡಾಖ್‌ನಲ್ಲಿ ಹಾರುವ ತಟ್ಟೆ ಅಂತ ಸುದ್ದಿ ದೇಶವೆಲ್ಲ ಸುತ್ತಿ ಬಂದಿತ್ತು.

ಹಳೇ ಪುರವಣಿ
ಎಲ್ಲರಿಗೂ ಥ್ಯಾಂಕ್ಸ್. @ಬುರುಡೆಪ್ಪ ಆ ಸಹಿ ಹಾಕಿದ ದೊಡ್ಡ ಮನುಷ್ಯರೂ ಕೂಟದವರೇನಾ?

ಬುರುಡೆಪ್ಪ
ಮತ್ತೆ? ಅಂಥ ಕೆಲಸಕ್ಕೆ ಹೊರಗಿನವರು ಸಹಿ ಹಾಕುತ್ತಾರಾ ಸಾರ್!